ಒಂದಿಂಚಿನ ಕಾವಲು

ಬೀಗಪ್ಪನ ಮನೆಯೊಳಗೆ ಹೋಗುವುದು ಕಷ್ಟ, ಅವನ ವೆಬ್‌ಸೈಟಿನೊಳಗೆ ಹೋಗುವುದು ಇನ್ನೂ ಕಷ್ಟ. ಮನೆಗಾದರೆ ಕದ ತಟ್ಟಿ, ಕಿಟಕಿಯಲ್ಲಿ ಮುಖ ತೋರಿಸಿ, ಬಂದ ಕೆಲಸ ಹೇಳಿದರೆ ಚಿಲಕ ತೆಗೆಯುತ್ತಿದ್ದ. ವೆಬ್‌ಸೈಟಿಗೆ ಹೋದವರಿಗೆ ಮೊದಲು ಕೆಂಪಕ್ಷರದಲ್ಲಿ ಒಂದು ಎಚ್ಚರಿಕೆ, ಅದನ್ನು ದಾಟಿದರೆ ಇನ್ನೊಂದು ಎಚ್ಚರಿಕೆ, ಅದಕ್ಕೂ ಹೂಂ ಅಂದರೆ ‘ಇಲ್ಲಿಯ ಒಂದಕ್ಷರವನ್ನೂ ಕದಿಯುವುದಿಲ್ಲ’ ಎಂದು ಒಪ್ಪಿಕೊಳ್ಳುವ ಪೆಟ್ಟಿಗೆ. ಅಂಗಿ ಹೊಲಿಯುವುದು ಹೇಗೆ ಅಂತ ನೋಡಲು ಬಂದ ಬಡಪಾಯಿ, ತಾನು ಕಳ್ಳನಲ್ಲ ಅಂತ ಆಣೆ ಪ್ರಮಾಣ ಮಾಡಿದ ಮೇಲೆಯೇ ಕತ್ತರಿ ಮುಟ್ಟಬೇಕಿತ್ತು.

ಅವನನ್ನು ಬೈದು ಏನು ಪ್ರಯೋಜನ ಹೇಳಿ. ನೌಕರಿಯುದ್ದಕ್ಕೂ ಒಂದು ದೊಡ್ಡ ಉಗ್ರಾಣದ ಬಾಗಿಲು ಕಾದವನು. ಬೆಳಿಗ್ಗೆ ತೆಗೆಯುವುದು, ಸಂಜೆ ಹಾಕುವುದು, ಹಾಕಿದ ಮೇಲೆ ಜಗ್ಗಿ ನೋಡುವುದು, ನಾಲ್ಕು ಹೆಜ್ಜೆ ಹೋಗಿ ವಾಪಸು ಬಂದು ಇನ್ನೊಂದು ಸಲ ಜಗ್ಗಿ ನೋಡುವುದು. ಬೀದಿಯವರು ಬೀಗಪ್ಪ ಅಂತ ಹೆಸರಿಟ್ಟಿದ್ದು ಅದಕ್ಕೇ. ನಿವೃತ್ತಿಯಾದ ದಿನ ಬೀಗದ ಕೈ ಗೊಂಚಲನ್ನು ವಾಪಸು ಕೊಟ್ಟು ಬಂದವನು, ಮನೆಯಲ್ಲಿ ಇನ್ನೇನಕ್ಕೆ ಬೀಗ ಹಾಕಲಿ ಅಂತ ಹುಡುಕುತ್ತಿದ್ದ. ಸಕ್ಕರೆ ಡಬ್ಬಿಗೂ ಹಾಕುತ್ತಿದ್ದನೋ ಏನೋ, ಅಷ್ಟರಲ್ಲಿ ವೆಬ್‌ಸೈಟು ಸಿಕ್ಕಿತು. ಸಕ್ಕರೆ ಬದುಕಿಕೊಂಡಿತು.

ವೆಬ್‌ಸೈಟು ಅವನದೇ, ಆದರೆ ಅದರೊಳಗಿನ ಸರಕು ಅವನ ಹೆಂಡತಿಯದು. ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕತ್ತರಿಯಕ್ಕ ಅಂತ. ಅಂಗಡಿಯ ರೆಡಿಮೇಡ್ ಅಂಗಿ ಯಾರ ಮೈಗೆ ಕೂರುವುದಿಲ್ಲವೋ ಅವರೆಲ್ಲ ಅವಳ ಗಿರಾಕಿಗಳು. ಬೆನ್ನು ಬಾಗಿದವರು, ಹೊಟ್ಟೆ ಮುಂದೆ ಬಂದವರು, ಒಂದು ಕೈ ಸಣ್ಣಗಿದ್ದವರು. ಅವಳು ಒಂದು ಸಲ ಸುತ್ತ ಬಂದು, ಭುಜ ಮುಟ್ಟಿ ನೋಡಿ, ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದರೆ ಮುಗಿಯಿತು. ಆ ಅಂಗಿ ತೊಟ್ಟವನು ಕನ್ನಡಿಯಲ್ಲಿ ನೆಟ್ಟಗೆ ಕಾಣುತ್ತಿದ್ದ. ಬೀಗಪ್ಪನ ಎಡಭುಜ ಕೂಡ ಇಳಿದದ್ದೇ. ಅದು ಮದುವೆಯ ದಿನ ಅವಳಿಗೆ ಗೊತ್ತಾಗಿತ್ತು, ಆಮೇಲೆ ಇನ್ನೊಬ್ಬರಿಗೆ ಗೊತ್ತಾಗದಂತೆ ಇಷ್ಟು ವರ್ಷ ಅವನ ಅಂಗಿ ಹೊಲಿದಿದ್ದಳು.

ಈಚೆಗೆ ಅವಳ ಕಣ್ಣು ಮಂಜಾಗಿತ್ತು. ಬೆರಳಿಗೆ ಏನೂ ಆಗಿರಲಿಲ್ಲ. ಕತ್ತರಿ ಹಿಡಿದರೆ ಈಗಲೂ ಗೆರೆ ತಪ್ಪುತ್ತಿರಲಿಲ್ಲ. ಸಣ್ಣ ಅಕ್ಷರ ಮಾತ್ರ ಕಾಣುತ್ತಿರಲಿಲ್ಲ, ಸೂಜಿಗೆ ದಾರ ಪೋಣಿಸುವುದು ಆಗುತ್ತಿರಲಿಲ್ಲ. ಗಿರಾಕಿಗಳನ್ನು ಕಡಿಮೆ ಮಾಡಿಕೊಂಡು, ಗೊತ್ತಿರುವುದನ್ನೆಲ್ಲ ಹೇಳಿಬಿಡೋಣ ಅಂದುಕೊಂಡಳು. ಅವಳು ಹೇಳುವುದು, ಅವನು ಕಂಪ್ಯೂಟರಿನಲ್ಲಿ ಕುಟ್ಟುವುದು. ಅಡುಗೆಮನೆಯ ಮೇಜಿನ ಮೇಲೆ, ಎರಡು ಲೋಟ ಚಹಾ ಮಧ್ಯೆ ಇಟ್ಟುಕೊಂಡು, ಇಬ್ಬರೂ ಜಗಳವಾಡುತ್ತ ಬರೆದ ವೆಬ್‌ಸೈಟು ಅದು.

“ನಾನು ಕಲ್ತಿದ್ದೂ ಹಿಂಗೇ ಅಲ್ವಾ,” ಅನ್ನುತ್ತಿದ್ದಳು. “ಹೊಲಿಗೆ ಟೀಚರಮ್ಮನ ಪ್ಯಾಟ್ರನ್ ಮೇಲೆ ಕಾಗದ ಇಟ್ಟು ಗೆರೆ ಎಳ್ಕೊಂಡೆ. ನನ್ ಕಾಗದದ ಮೇಲೆ ಇನ್ನೊಬ್ರು ಎಳ್ಕೊಂಡ್ರು. ಯಾರ್ ಬೇಕಾದ್ರೂ ಎಳ್ಕೊಳ್ಲಿ ಬಿಡಿ. ಹೇಳ್ಕೊಟ್ಟೋರ ಹೆಸರು ಹೇಳಿದ್ರೆ ಸಾಕು.”

“ಹೆಸರು ಹೇಳ್ತಾರಂತೆ, ಹೆಸರು! ನೀನ್ ಯಾವ ಕಾಲದಲ್ಲಿದೀಯ ಮಾರಾಯ್ತಿ? ಇದು ಇಂಟರ್‌ನೆಟ್ಟು. ಇಲ್ಲಿ ಬಾಯಲ್ಲಿರೋ ಹಲ್ಲನ್ನೂ ಎಣಿಸಿ ಕಿತ್ಕೊಂಡು ಹೋಗ್ತಾರೆ.”

ಬೀಗಪ್ಪ ಕೆಲಸಕ್ಕಿಳಿದ. ಮೌಸಿನ ಬಲಗುಂಡಿ ಒತ್ತಿದರೆ ಏನೂ ಆಗದಂತೆ ಮಾಡಿದ. ಅಕ್ಷರಗಳನ್ನು ಆರಿಸಿಕೊಳ್ಳಲು ಬರದಂತೆ ಮಾಡಿದ. ಪ್ರಿಂಟ್ ಕೊಟ್ಟರೆ ಬಿಳಿ ಹಾಳೆ. ಹುಡುಕುವ ಜಾಲತಾಣಗಳು ಒಳಗೆ ಇಣುಕದಂತೆ ಬಾಗಿಲಲ್ಲೇ ತಡೆದ. ಕೊನೆಗೆ, ದೊಡ್ಡದು ಮಾಡಿ ಫೋಟೋ ಹೊಡೆದುಕೊಂಡುಬಿಟ್ಟಾರು ಅಂತ, ಅಕ್ಷರ ಹಿಗ್ಗಿಸಲು ಬರದ ಹಾಗೂ ಮಾಡಿದ. ಅಲ್ಲಿಗೆ ಆ ವೆಬ್‌ಸೈಟನ್ನು ಖಂಡಿತವಾಗಿ ಓದಲಾಗದವರು ಲೋಕದಲ್ಲಿ ಒಬ್ಬರಾದರು, ಅದನ್ನು ಹೇಳಿ ಬರೆಸಿದ ಕತ್ತರಿಯಕ್ಕ.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕತೆಯೂ ಇರುತ್ತಿರಲಿಲ್ಲ. ಬೀಗಪ್ಪ ಒಂದು ವೀಡಿಯೊ ನೋಡಿದ. ಅದರಲ್ಲಿ ಕನ್ನಡಕದ ಮಹಾಶಯನೊಬ್ಬ, ನಿಮ್ಮ ಬರಹದಲ್ಲಿ ಬೇಕೆಂದೇ ಒಂದು ಸಣ್ಣ ತಪ್ಪು ಬಿಡಿ, ಕದ್ದವನು ಆ ತಪ್ಪನ್ನೂ ಕದಿಯುತ್ತಾನೆ, ಆಗ ಕುತ್ತಿಗೆ ಪಟ್ಟಿ ಹಿಡಿಯಿರಿ ಅಂದ. ಎಂಥಾ ಐಡಿಯಾ! ಬೀಗಪ್ಪ ಒಂದು ಕಾಗುಣಿತ ತಪ್ಪಿಸಿದ್ದರೆ ಸಾಕಿತ್ತು, ಒಂದು ಚುಕ್ಕಿ ಹೆಚ್ಚಿಗೆ ಇಟ್ಟಿದ್ದರೂ ಸಾಕಿತ್ತು. ಉಹೂಂ. ಕಳ್ಳನಿಗೆ ಪಾಠವೂ ಆಗಬೇಕಲ್ಲ! ಅಂಗಿಯ ತೋಳು ಕೂರುವ ಜಾಗಕ್ಕೆ ಎಷ್ಟು ಆಳ ಬಿಡಬೇಕು ಅನ್ನುವ ಕಡೆ ಕತ್ತರಿಯಕ್ಕ ಹೇಳಿದ್ದು, ಎದೆಸುತ್ತಿನ ಆರರಲ್ಲೊಂದು ಭಾಗ, ಅದರ ಮೇಲೆ ಎರಡೂವರೆ ಇಂಚು. ಬೀಗಪ್ಪ ಅದನ್ನು ಮೂರೂವರೆ ಮಾಡಿದ. ಒಂದಿಂಚು ತಾನೇ. ಉಗ್ರಾಣದಲ್ಲಿ ಒಂದಿಂಚನ್ನು ಯಾರೂ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಾಳೆ ಅನ್ನುವಷ್ಟು ಬುದ್ಧಿ ಮಾತ್ರ ಅವನಿಗಿತ್ತು.

ಬಲೆಗೆ ಮೊದಲು ಬಿದ್ದವರು ಕಳ್ಳರಲ್ಲ. ಆಣೆ ಪ್ರಮಾಣ ಮಾಡಿ, ಕಣ್ಣು ಕಿರಿದು ಮಾಡಿ ಓದಿ, ಕೈಯಲ್ಲಿ ಬರೆದುಕೊಂಡು ಬಟ್ಟೆ ಕತ್ತರಿಸಿದವರು. ಒಬ್ಬೊಬ್ಬರಾಗಿ ಫೋನು ಮಾಡಿದರು. “ಅಕ್ಕಾ, ಮಾವನೋರಿಗೆ ಅಂಗಿ ಹೊಲ್ದೆ. ನೀವು ಹೇಳ್ದಂಗೇ ಮಾಡಿದೀನಿ. ಕಂಕುಳು ಜೋಲು ಬೀಳ್ತಿದೆ, ಕೈ ಎತ್ತಿದ್ರೆ ಅಂಗಿ ಪೂರ್ತಿ ಮೇಲೆ ಬರ್ತಿದೆ,” ಅಂತ ಒಬ್ಬಳು ಸೊಸೆ ಅತ್ತೇಬಿಟ್ಟಳು. ಒಳ್ಳೆಯ ಬಟ್ಟೆ ಹಾಳಾಗಿತ್ತು, ಮಾವನ ಬಾಯಿ ಬೇರೆ.

ಕತ್ತರಿಯಕ್ಕ ಫೋನಿಟ್ಟು ಗಂಡನನ್ನು ಕರೆದಳು. “ರೀ, ಕಂಕುಳ ಆಳ ಸೈಟಲ್ಲಿ ಎಷ್ಟಿದೆ? ಸರಿಯಾಗಿ ನೋಡಿ ಹೇಳಿ.”

ಬೀಗಪ್ಪ ಪರದೆ ನೋಡಿದ. ಮೂರೂವರೆ ಅಂತ ಇತ್ತು. “ಎರಡೂವರೆ,” ಅಂದ.

ಇದು ಸುಳ್ಳು ಅಂತ ಅವನಿಗೆ ಅನಿಸಲಿಲ್ಲ. ಅವಳು ಹೇಳಿದ್ದು ಎರಡೂವರೆ, ತಾನು ಓದಿದ್ದೂ ಎರಡೂವರೆ. ಮಧ್ಯೆ ಪರದೆ ಏನು ಹೇಳುತ್ತದೋ ಅದು ಪರದೆಯ ಪಾಡು. ಆದರೆ ಕತ್ತರಿಯಕ್ಕ ಕುರ್ಚಿಯ ಮೇಲೆ ಕೂತುಬಿಟ್ಟಳು. ಸೈಟಿನಲ್ಲಿ ಸರಿಯಿದೆ, ಹೊಲಿದವರು ಸರಿಯಾಗಿ ಹೊಲಿದಿದ್ದಾರೆ, ಆದರೂ ಅಂಗಿ ಕೂರುವುದಿಲ್ಲ ಅಂದರೆ ತಪ್ಪಿರುವುದು ತನ್ನ ಲೆಕ್ಕದಲ್ಲೇ. ಇಷ್ಟು ವರ್ಷ ಹೊಲಿದದ್ದು ಕಣ್ಣಳತೆಯಿಂದ ಸರಿಹೋಗುತ್ತಿತ್ತೋ ಏನೋ. ಈಗ ಕಣ್ಣೂ ಇಲ್ಲ.

ಬೀಗಪ್ಪನೇನು ರಾಕ್ಷಸನಲ್ಲ. ಸರಿ ಮಾಡಿಬಿಡೋಣ ಅಂತ ಕಂಪ್ಯೂಟರಿನ ಮುಂದೆ ಕೂತ. ಅದೇ ಹೊತ್ತಿಗೆ ಸರಿಯಾಗಿ ಇನ್ನೊಂದು ವೆಬ್‌ಸೈಟು ಅವನ ಕಣ್ಣಿಗೆ ಬಿತ್ತು. ಮುಂದಿನ ತಿರುವಿನಲ್ಲಿ ಗುಂಡಿ, ಜಿಪ್ಪು, ದಾರ ಮಾರುವ ಗುಂಡಿ ಅಂಗಡಿಯವನದು. ಕತ್ತರಿಯಕ್ಕನ ಮಾತು, ಮಾತಿಗೆ ಮಾತು. ಬಾಗಿದ ಬೆನ್ನು, ಇಳಿದ ಭುಜ, ಎಲ್ಲವೂ. ಅವಳ ಹೆಸರು ಮಾತ್ರ ಎಲ್ಲೂ ಇಲ್ಲ. ಬೀಗಪ್ಪನ ಬೀಗಗಳೆಲ್ಲ ಏನಾದವು ಅಂತೀರಾ? ಏನೂ ಆಗಲಿಲ್ಲ, ಭದ್ರವಾಗಿದ್ದವು. ಗುಂಡಿ ಅಂಗಡಿಯವನು ಪರದೆಯ ಮುಂದೆ ಮೊಬೈಲು ಹಿಡಿದು ಫಟಫಟ ಫೋಟೋ ಹೊಡೆದ, ಅವನ ಅಕ್ಕನ ಮಗಳು ಕೂತು ಟೈಪು ಮಾಡಿದಳು. ಅಷ್ಟೇ.

ಕಂಕುಳ ಆಳ ನೋಡಿದ. ಮೂರೂವರೆ! ಬೀಗಪ್ಪ ಕುರ್ಚಿಯಿಂದ ಎದ್ದು ನಿಂತ. ಸಿಕ್ಕಿಬಿದ್ದ ಮಗ! ಈಗ ತನ್ನ ಸೈಟಿನಲ್ಲಿ ಸರಿ ಮಾಡಿದರೆ ಸಾಕ್ಷಿ ಹೋಯಿತು. ಇರಲಿ, ಸ್ವಲ್ಪ ದಿನ. ಕಳ್ಳತನ ಸಾಬೀತಾಗುವವರೆಗೆ ಹೆಂಡತಿ ಒಂದಿಷ್ಟು ತಲೆ ಕೆಡಿಸಿಕೊಂಡರೆ ಏನು ಮಹಾ.

ಹೊಲಿಗೆಯವರ ಸಂಘದವರು ಆ ವರ್ಷ ‘ಅತ್ಯುತ್ತಮ ವೆಬ್‌ಸೈಟು’ ಅಂತ ಒಂದು ಬಹುಮಾನ ಇಟ್ಟಿದ್ದರು. ಬೀಗಪ್ಪ ಅರ್ಜಿ ಹಾಕಿದ, ಗುಂಡಿ ಅಂಗಡಿಯವನೂ ಹಾಕಿದ. ತೀರ್ಪುಗಾರರು ಮೂವರು: ಸಂಘದ ಅಧ್ಯಕ್ಷ, ಒಬ್ಬ ನಿವೃತ್ತ ಹೆಡ್‌ಮಾಸ್ತರು, ಜಾಹೀರಾತು ಮಾಡುವ ಒಬ್ಬ ಯುವಕ. ಬಣ್ಣಕ್ಕೆ ಇಷ್ಟು ಅಂಕ, ಚಿತ್ರಕ್ಕೆ ಇಷ್ಟು, ಸ್ವಂತಿಕೆಗೆ ಎಲ್ಲಕ್ಕಿಂತ ಹೆಚ್ಚು. ಸ್ವಂತಿಕೆಯನ್ನು ಪರೀಕ್ಷಿಸುವ ಕ್ರಮ ಬಹಳ ಸರಳವಾಗಿತ್ತು. ಸೈಟಿನಿಂದ ಒಂದು ಸಾಲು ಕಾಪಿ ಮಾಡಿ ಹುಡುಕುವ ಜಾಗದಲ್ಲಿ ಹಾಕುವುದು. ಬೇರೆಲ್ಲೂ ಸಿಗದಿದ್ದರೆ ಸ್ವಂತದ್ದು. ಗುಂಡಿ ಅಂಗಡಿಯವನ ಸಾಲನ್ನು ಹಾಕಿದರು. ಬೀಗಪ್ಪ ಹುಡುಕುವವರನ್ನು ಬಾಗಿಲಲ್ಲೇ ತಡೆದಿದ್ದನಲ್ಲ, ಎಲ್ಲೂ ಸಿಗಲಿಲ್ಲ. ಪೂರ್ತಿ ಅಂಕ. ಬೀಗಪ್ಪನ ಸೈಟಿನಿಂದ ಸಾಲು ತೆಗೆಯಲು ಹೋದರು. ಬರಲಿಲ್ಲ. ಸ್ವಂತಿಕೆ: ಪರೀಕ್ಷಿಸಲಾಗಲಿಲ್ಲ, ಸೊನ್ನೆ. ಮೇಲಾಗಿ ಎರಡನ್ನೂ ಓದಿದ ಹೆಡ್‌ಮಾಸ್ತರು, ಇದು ಗುಂಡಿ ಅಂಗಡಿಯ ಸೈಟಿನಿಂದ ಕದ್ದಂತೆ ಕಾಣುತ್ತದೆ ಅಂತ ಷರಾ ಬರೆದರು.

ಬೀಗಪ್ಪ ಸಂಘಕ್ಕೆ ನುಗ್ಗಿ ಕೂಗಾಡಿದ. ಅಧ್ಯಕ್ಷ ಸಮಾಧಾನದಿಂದ, “ನೋಡಿ, ಎಲ್ಲರಿಗೂ ಒಂದೇ ಅಳತೆ. ಅದೇ ನ್ಯಾಯ,” ಅಂದ. ಹೊಲಿಗೆಯವರ ಸಂಘದ ಅಧ್ಯಕ್ಷ ಹೇಳುವ ಮಾತೇ ಅದು? ಎಲ್ಲರಿಗೂ ಒಂದೇ ಅಳತೆ ಆಗಿದ್ದರೆ ಅವನ ಸಂಘಕ್ಕೆ ಎಂದೋ ಬಾಗಿಲು ಹಾಕಬೇಕಿತ್ತು. ಅಂತೂ ಬೀಗಪ್ಪನ ಗಲಾಟೆ ತಡೆಯಲಾರದೆ, ಎರಡೂ ಕಡೆಯವರನ್ನು ಕೂರಿಸಿ ವಿಚಾರಣೆ ಮಾಡುತ್ತೇವೆ ಅಂದರು.

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳಿಗೆ ಬಹುಮಾನದ ಮೇಲೆ ಧ್ಯಾನವೇ ಇರಲಿಲ್ಲ. ಹೊಸದಾಗಿ ಏನನ್ನೂ ಬರೆಸುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಫೋನು ಬಡಿದರೆ ಬೆಚ್ಚುತ್ತಿದ್ದಳು.

“ಅವತ್ತಿಗೆ ನಿಮಗೊಂದು ಹೊಸ ಅಂಗಿ ಹೊಲೀತೀನಿ,” ಅಂದಳು. “ಎಲ್ರೂ ಕಂಕುಳು ಒಂದಿಂಚು ಜಾಸ್ತಿ ಆಯ್ತು ಅಂತಾನೇ ಹೇಳ್ತಿದಾರೆ. ಇಷ್ಟು ಜನ ಹೇಳೋವಾಗ ನಂದೇ ತಪ್ಪು. ಒಂದಿಂಚು ಕಡಿಮೆ ಮಾಡಿ ಕತ್ತರಿಸ್ತೀನಿ. ಇದೂ ಸರಿಹೋಗ್ಲಿಲ್ಲ ಅಂದ್ರೆ ಕತ್ತರಿ ಎತ್ತಿ ಒಳಗಿಡ್ತೀನಿ ಕಣ್ರೀ. ಇನ್ನೊಬ್ರ ಬಟ್ಟೆ ಹಾಳ್ಮಾಡೋದು ಬೇಡ.”

ಈಗಲಾದರೂ ಬಾಯಿ ಬಿಡಬೇಕೋ ಬೇಡವೋ? ಬೀಗಪ್ಪನ ನಾಲಿಗೆಯ ತುದಿಗೆ ಬಂದಿತ್ತು. ವಿಚಾರಣೆ ಮುಗಿಯಲಿ, ಒಟ್ಟಿಗೇ ಹೇಳಿದರಾಯಿತು, ಖುಷಿಯಲ್ಲಿ ಅವಳೂ ನಕ್ಕುಬಿಡುತ್ತಾಳೆ ಅಂದುಕೊಂಡ. “ನಿನ್ನಿಷ್ಟ,” ಅಂದ.

ವಿಚಾರಣೆಯ ದಿನ ಬೆಳಿಗ್ಗೆ ಅಂಗಿ ತೊಟ್ಟ. ಬಿಗಿಯಾಗಿತ್ತು. ಕೈ ಅರ್ಧಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. ಮದುವೆಯಾದಾಗಿನಿಂದ ಅವಳು ಹೊಲಿದ ಒಂದು ಅಂಗಿಯೂ ಅವನನ್ನು ಹೀಗೆ ಹಿಡಿದಿರಲಿಲ್ಲ. “ಹೇಗಿದೆ?” ಅಂತ ಅವಳು ಕೇಳಿದ ರೀತಿಗೆ, “ಚೆನ್ನಾಗಿದೆ,” ಅಂದು ಮುಖ ಆ ಕಡೆ ತಿರುಗಿಸಿದ.

ಸಂಘದ ಕೋಣೆಯಲ್ಲಿ ಉದ್ದನೆಯ ಮೇಜು, ಗೋಡೆಯ ಮೇಲೆ ಎರಡೂ ಸೈಟುಗಳನ್ನು ತೋರಿಸುವ ಪರದೆ, ಮೂಲೆಯಲ್ಲಿ ಬಹುಮಾನದ ಫಲಕ. ಗುಂಡಿ ಅಂಗಡಿಯವನು ಕೈಕಟ್ಟಿ ಕೂತಿದ್ದ, ಕತ್ತರಿಯಕ್ಕನನ್ನು ನೋಡಿ ತಲೆ ತಗ್ಗಿಸಿದ. ಕತ್ತರಿಯಕ್ಕ ಗೋಡೆ ಬದಿಯ ಕುರ್ಚಿಯಲ್ಲಿ ಕೂತಳು. ಪರದೆಯ ಮೇಲೆ ಅವಳಿಗೆ ಕಾಣುತ್ತಿದ್ದದ್ದು ಬೆಳಕು ಮಾತ್ರ.

“ನಿಮ್ಮದೇ ಅನ್ನೋಕೆ ಏನ್ ಆಧಾರ?” ಅಂತ ಹೆಡ್‌ಮಾಸ್ತರು ಕೇಳಿದರು.

ಬೀಗಪ್ಪ ಕಾದಿದ್ದೇ ಈ ಪ್ರಶ್ನೆಗೆ. ಎದ್ದು ನಿಂತ. “ಸ್ವಾಮೀ, ಇಬ್ಬರ ಸೈಟಲ್ಲೂ ಕಂಕುಳ ಆಳ ನೋಡಿ. ಮೂರೂವರೆ ಇಂಚು ಅಂತ ಇದೆ. ಅದು ತಪ್ಪು! ಇರಬೇಕಾದ್ದು ಎರಡೂವರೆ. ಆ ತಪ್ಪನ್ನ ನಾನೇ, ಬೇಕಂತಲೇ, ಕಳ್ಳನ್ನ ಹಿಡಿಯೋಕೆ ಇಟ್ಟಿದ್ದು. ಈ ಮಹಾನುಭಾವ ಅದನ್ನೂ ಬಿಡದೆ ಎತ್ಕೊಂಡ. ಒಂದಿಂಚು! ಆ ಒಂದಿಂಚು ನಂದು!”

ಪರದೆಯತ್ತ ಬೆರಳು ತೋರಿಸಲು ಕೈಯನ್ನು ರೊಯ್ಯನೆ ಮೇಲೆತ್ತಿದ. ಪರ್ರ್ ಅಂತ ಅಂಗಿ ಕಂಕುಳಲ್ಲಿ ಹರಿಯಿತು. ಹರಿದ ಸದ್ದು ಕೋಣೆಗೆಲ್ಲ ಕೇಳಿಸಿತು. ಜಾಹೀರಾತಿನ ಯುವಕ ಕೆಮ್ಮಿದ ಹಾಗೆ ಮಾಡಿ ನಕ್ಕ.

ಗುಂಡಿ ಅಂಗಡಿಯವನು ಎದ್ದ. “ಹೌದು ಸ್ವಾಮಿ, ಕದ್ದಿದ್ದು ನಿಜ,” ಅಂದ. “ಆ ಅಳತೆ ನೋಡಿ ನಂಗೂ ಅನುಮಾನ ಬಂತು. ಸರಿ ಮಾಡೋಣ ಅಂದ್ಕೊಂಡೆ. ಆಮೇಲೆ, ಅಕ್ಕ ಹೇಳಿದ್ ಮೇಲೆ ತಪ್ಪಿರಲ್ಲ, ನನ್ ತಲೆಗೇ ಹೊಳೀತಿಲ್ಲ ಅಂತ ಹಾಗೇ ಬಿಟ್ಟೆ.”

ಮೂವರೂ ತಲೆ ಸೇರಿಸಿ ಗುಸುಗುಸು ಮಾಡಿದರು. ಅಧ್ಯಕ್ಷ ಗಂಟಲು ಸರಿಮಾಡಿಕೊಂಡು ಘೋಷಿಸಿದ. “ತಪ್ಪು ನಿಮ್ಮದೇ ಅಂತ ಸಾಬೀತಾಗಿದೆ. ಆದ್ದರಿಂದ ಬಹುಮಾನ ನಿಮಗೇ.” ಇದಕ್ಕಿಂತ ಸರಿಯಾದ ತೀರ್ಪು ಆ ಸಂಘದಿಂದ ಹಿಂದೆ ಬಂದಿರಲಿಲ್ಲ, ಮುಂದೆಯೂ ಬರಲಾರದು. ಫಲಕವನ್ನು ತಂದು ಬೀಗಪ್ಪನ ಕೈಗೆ ಕೊಟ್ಟರು. ಇಬ್ಬರು ಚಪ್ಪಾಳೆ ತಟ್ಟಿದರು.

ಕತ್ತರಿಯಕ್ಕ ಎದ್ದು ಬಂದಳು. ಗಂಡನ ಮುಖ ನೋಡಲಿಲ್ಲ. ಅಂಗಿ ಹರಿದ ಜಾಗಕ್ಕೆ ಬೆರಳು ಹಾಕಿ, ಹೊಲಿಗೆಯ ಉದ್ದಕ್ಕೂ ಮೆಲ್ಲಗೆ ಸವರಿದಳು.

“ನಾನ್ ಹೇಳಿದ್ದು ಎಷ್ಟು?”

“ಎರಡೂವರೆ.”

“ನೀವು ಹಾಕಿದ್ದು?”

“ಮೂರೂವರೆ. ಕಳ್ಳನ್ನ ಹಿಡಿಯೋಕೆ ಕಣೇ...”

“ಓದಿ ಹೇಳಿ ಅಂತ ಕೇಳಿದ್ನಲ್ಲ, ಆವಾಗ ಓದಿದ್ದು?”

ಬೀಗಪ್ಪ ಫಲಕವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

“ನನ್ ಕೈ ಹೋಯ್ತು ಅಂತ ದಿನಾ ರಾತ್ರಿ ಅಳ್ತಿದ್ನಲ್ರೀ,” ಅಂದಳು. ದನಿ ಏರಲಿಲ್ಲ. “ಪಕ್ಕದಲ್ಲೇ ಮಲ್ಗಿದ್ರಲ್ಲ ನೀವು.”

ಅವಳು ಗುಂಡಿ ಅಂಗಡಿಯವನ ಕಡೆ ತಿರುಗಿದಳು. “ಏನಪ್ಪಾ, ನಿನ್ ಸೈಟಲ್ಲಿ ಅಕ್ಷರ ದೊಡ್ಡದಾಗುತ್ತಾ?”

“ಆಗುತ್ತಕ್ಕಾ. ಎಷ್ಟು ಬೇಕಾದ್ರೂ.”

“ನಾಳೆ ಬರ್ತೀನಿ. ಎಲ್ಲಾ ಓದಿ ಸರಿ ಮಾಡ್ಬೇಕು. ಮೇಲೆ ನನ್ ಹೆಸರು ಹಾಕು, ನಂಗೇ ಕಾಣೋ ಅಷ್ಟು ದೊಡ್ಡದಾಗಿ. ಕದ್ದಿದ್ದಕ್ಕೆ ನಿಂಗೆ ಆಮೇಲೆ ಇದೆ, ತಪ್ಪಿಸ್ಕೊಂಡೆ ಅನ್ಕೋಬೇಡ.”

ಮನೆಗೆ ಬರುವ ದಾರಿಯುದ್ದಕ್ಕೂ ಬೀಗಪ್ಪ ಹರಿದ ಕಂಕುಳನ್ನು ಫಲಕದಿಂದ ಮುಚ್ಚಿಕೊಂಡು ನಡೆದ. ಬಹುಮಾನ ಆ ಮಟ್ಟಿಗೆ ಉಪಯೋಗಕ್ಕೆ ಬಂತು. ಮನೆ ಸೇರಿದ ಮೇಲೆ, ಈವತ್ತೇ ಎಲ್ಲಾ ಬೀಗ ತೆಗೆದುಬಿಡ್ತೀನಿ, ಅಕ್ಷರ ದೊಡ್ಡದು ಮಾಡ್ತೀನಿ, ನೀನು ಅಲ್ಲಿಗೆ ಹೋಗೋದು ಬೇಡ ಅಂತ ಏನೇನೋ ಗೋಗರೆದ. ಅವಳು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅಂಗಿ ಬಿಚ್ಚಿಸಿದಳು, ತೋಳು ಕಿತ್ತಳು, ಪೆಟ್ಟಿಗೆಯಲ್ಲಿ ಮಿಕ್ಕಿದ್ದ ಅದೇ ಬಟ್ಟೆ ಹುಡುಕಿ ಹೊಸದಾಗಿ ಅಂಗಿಯ ಮೈಭಾಗ ಕತ್ತರಿಸಿದಳು. ಅಳೆಯುವಾಗ ಎರಡೂವರೆ, ಎರಡೂವರೆ ಅಂತ ತುಟಿ ಅಲ್ಲಾಡುತ್ತಿತ್ತು. ದಾರ ಪೋಣಿಸಲು ಮಾತ್ರ ಸೂಜಿಯನ್ನು ಅವನ ಮುಂದೆ ಚಾಚಿದಳು. ಅವನು ತೆಪ್ಪಗೆ ಪೋಣಿಸಿಕೊಟ್ಟ.

ಸಂಜೆಗೆ ಅಂಗಿ ಆಯಿತು. ತೊಡಿಸಿ, “ಕೈ ಎತ್ತಿ,” ಅಂದಳು.

ಎತ್ತಿದ. ಕೈ ತಲೆಯ ಮೇಲೆ ಹೋಯಿತು, ಅಂಗಿ ಇದ್ದಲ್ಲೇ ಇತ್ತು. ಭುಜಗಳೆರಡೂ ಕನ್ನಡಿಯಲ್ಲಿ ಸಮವಾಗಿ ಕಂಡವು.

“ಸರಿಯಾಗಿದೆ ಕಣೇ,” ಅಂದ.

“ನಿಮ್ಮನ್ನ ಕೇಳ್ಲಿಲ್ಲ,” ಅಂದಳು.

ಕತ್ತರಿಯನ್ನು ಒಳಗಿಡಲಿಲ್ಲ. ಮೇಜಿನ ಮೇಲೆ ಕೈಗೆ ಸಿಗುವಂತೆ ಇಟ್ಟು, ಫೋನು ತೆಗೆದುಕೊಂಡು ಒಂದು ನಂಬರು ಒತ್ತಿದಳು. ಆ ಕಡೆ ಅಳುಬುರುಕಿ ಸೊಸೆಯ ದನಿ ಕೇಳಿಸಿತು.

“ನಾನಮ್ಮಾ, ಕತ್ತರಿಯಕ್ಕ. ನಿಮ್ ಮಾವನೋರ ಅಂಗಿ ಕೆಟ್ಟಿದ್ದು ಯಾಕೆ ಅಂತ ಗೊತ್ತಾಯ್ತು. ತಪ್ಪು ನಿಮ್ದಲ್ಲ. ನಂದೂ ಅಲ್ಲ. ಯಾರ್ದು ಅಂದ್ರಾ? ಒಂದ್ನಿಮಿಷ ಇರಿ, ಅವರೇ ಹೇಳ್ತಾರೆ.”

ಫೋನನ್ನು ಗಂಡನ ಕಡೆ ಚಾಚಿದಳು. “ಇವರಾದ್ಮೇಲೆ ಇನ್ನೂ ಇದಾರೆ,” ಅಂದಳು. ಬೀಗಪ್ಪ ಹೊಸ ಅಂಗಿಯ ಕೈ ಮುಂದೆ ಮಾಡಿ ಫೋನು ಇಸಿದುಕೊಂಡ.